ಉಕ್ಕಿನ ಹೆಸರು ಆಮೇಲೆ, ಮೊದಲು ಬೆನ್ನಿನ ದಪ್ಪ ನೋಡಿ

ಹೋದ ಸಲ ಆಫೀಸಿಗೆ ಒಯ್ಯೋ ಊಟದ ಡಬ್ಬಿ ಬಗ್ಗೆ ಬರೆದಾಗ ನಾಲ್ಕೈದು ಜನ ಒಂದೇ ಪ್ರಶ್ನೆ ಕೇಳಿದ್ರು. "ಡಬ್ಬಿ ಸರಿ, ಹಣ್ಣು ಹೆಚ್ಚೋಕೆ ಬ್ಯಾಗಲ್ಲಿ ಇಟ್ಕೊಳ್ಳೋ ಮಡಚುವ ಚಾಕು ಯಾವ್ದು ತಗೋಬೇಕು? ಬಜೆಟ್ ಕಮ್ಮಿ." ಸಣ್ಣ ಪ್ರಶ್ನೆ ಅನ್ನಿಸಬಹುದು. ಆದ್ರೆ ಒಮ್ಮೆ ಆನ್‌ಲೈನಲ್ಲಿ 'ಪಾಕೆಟ್ ನೈಫ್' ಅಂತ ಹುಡುಕಿ ನೋಡಿ. ಕಪ್ಪು ಬಣ್ಣ, ಗರಗಸದಂಥ ಹಲ್ಲು, ಕಾರಿನ ಗಾಜು ಒಡೆಯೋ ಮೊಳೆ, ಜತೆಗೊಂದು ಸೀಟಿ. ಕಾಡಲ್ಲಿ ಒಂದು ವಾರ ಬದುಕೋಕೆ ಬೇಕಾದ್ದೆಲ್ಲ ಇರುತ್ತೆ. ಒಂದು ಸೇಬು ನೀಟಾಗಿ ಹೆಚ್ಚೋಕೆ ಬೇಕಾದ್ದು ಮಾತ್ರ ಇರಲ್ಲ.

ಈ ವಿಷಯದಲ್ಲಿ ನಾನು ತಲೆ ಕೆಡಿಸಿಕೊಂಡದ್ದು ಅಪ್ಪನಿಗಾಗಿ. ಅವರಿಗೆ ಅರವತ್ತಾರು. ಊರಿಗೂ ಬೆಂಗಳೂರಿಗೂ ತಿಂಗಳಿಗೆರಡು ಸಲ ರೈಲಲ್ಲಿ ಓಡಾಡ್ತಾರೆ. ಮುಂದಿನ ಹಲ್ಲು ಗಟ್ಟಿ ಇಲ್ಲದ್ದರಿಂದ ಸೀಬೆಹಣ್ಣನ್ನಾಗಲಿ ಸೇಬನ್ನಾಗಲಿ ಕಚ್ಚಿ ತಿನ್ನೋಕಾಗಲ್ಲ, ತೆಳ್ಳಗೆ ಹೆಚ್ಚಬೇಕು. ಸಂಧಿವಾತದಿಂದ ಬಲಗೈ ಹೆಬ್ಬೆರಳಲ್ಲಿ ಶಕ್ತಿ ಕಮ್ಮಿಯಾಗಿದೆ, ಹಾಗಾಗಿ ಒತ್ತಿ ಹೆಚ್ಚೋಕೂ ಆಗಲ್ಲ. ಅಮ್ಮ ಜತೆಗಿದ್ರೆ ಹೆಚ್ಚಿ ಕೊಡ್ತಾರೆ. ಇಲ್ದಿದ್ರೆ ಹಣ್ಣು ಚೀಲದಲ್ಲಿ ಹಾಗೇ ವಾಪಸ್ ಬರುತ್ತೆ. "ಹೆಚ್ಚಿಕೊಡಿ" ಅಂತ ಪಕ್ಕದ ಸೀಟಿನವರನ್ನು ಕೇಳೋ ಜಾಯಮಾನ ಅವರದ್ದಲ್ಲ. ಹಾಗಾಗಿ ನನಗೆ ಬೇಕಿದ್ದದ್ದು ಒಂದೇ: ತೀರಾ ಕಡಿಮೆ ಬಲದಲ್ಲಿ ಹೆಚ್ಚುವ, ಜೇಬಲ್ಲಿ ಹಿಡಿಯುವ, 2500 ರೂಪಾಯಿ ದಾಟದ ಚಾಕು.

ಹುಡುಕಿದಷ್ಟೂ ಗೊತ್ತಾಗಿದ್ದು ಇಷ್ಟು. ಎಲ್ಲರೂ ಮಾತಾಡೋದು ಉಕ್ಕಿನ ಬಗ್ಗೆ. ಹೆಚ್ಚೋ ಕೆಲಸದಲ್ಲಿ ಮೊದಲು ಲೆಕ್ಕಕ್ಕೆ ಬರೋದು ದಪ್ಪ.

ಯಾಕೆ ಅಂತ ಹೇಳ್ತೀನಿ. ಚಾಕುವಿನ ಅಂಚು ಎಷ್ಟೇ ಹರಿತ ಇರಲಿ, ಅದು ಬಾಗಿಲು ತೆಗೆಯುತ್ತೆ ಅಷ್ಟೆ. ಒಳಗೆ ಹೋಗಬೇಕಾದ್ದು ಅದರ ಹಿಂದಿರುವ ಅಲಗು. ಅಲಗು ಇಳಿದಂತೆಲ್ಲ ಹಣ್ಣಿನ ತಿರುಳು ಎರಡೂ ಪಕ್ಕಕ್ಕೆ ಸರಿದು ಅದಕ್ಕೆ ಜಾಗ ಕೊಡಬೇಕು. ಬಾಳೆಹಣ್ಣು, ಬ್ರೆಡ್ಡು ಮೆತ್ತಗಿರೋದ್ರಿಂದ ಸರಿಯುತ್ತವೆ. ಸೇಬು, ಕ್ಯಾರೆಟ್, ಗಟ್ಟಿ ಸೀಬೆ ಸರಿಯಲ್ಲ. ದಪ್ಪ ಅಲಗು ಅರ್ಧ ಇಳಿದು ಸಿಕ್ಕಿಕೊಳ್ಳುತ್ತೆ, ನೀವು ಇನ್ನೂ ಒತ್ತುತ್ತೀರಿ, ಆಗ 'ಟಕ್' ಅಂತ ಹಣ್ಣು ಸೀಳುತ್ತೆ. ಅದು ಹೆಚ್ಚಿದ್ದಲ್ಲ, ಸೌದೆ ಒಡೆದ ಹಾಗೆ ಒಡೆದದ್ದು. ಸೌದೆಗೆ ಕೊಡಲಿಯೇ ಬೇಕು, ನಿಜ. ಸೇಬಿಗೆ ಬೇಡ.

ಅಪಾಯ ಇರೋದೂ ಆ 'ಟಕ್' ಅನ್ನೋ ಕ್ಷಣದಲ್ಲೇ. ಅಲ್ಲಿವರೆಗೆ ಒತ್ತುತ್ತಿದ್ದ ಬಲವೆಲ್ಲ ಒಮ್ಮೆಗೇ ಬಿಡುಗಡೆಯಾಗುತ್ತೆ, ಚಾಕು ಎಲ್ಲಿಗೆ ಹೋಗಿ ನಿಲ್ಲುತ್ತೆ ಅನ್ನೋದು ನಿಮ್ಮ ಕೈಲಿರಲ್ಲ. ಅಜ್ಜಿಯಂದಿರ ಈಳಿಗೆ ಮಣೆಯಲ್ಲಿ ಅಲಗು ಕದಲದೆ ನಿಂತಿರುತ್ತೆ, ತರಕಾರಿಯನ್ನು ಎರಡೂ ಕೈಯಲ್ಲಿ ಹಿಡಿದು ಅದಕ್ಕೆ ತಾಗಿಸ್ತಾರೆ. ಜೇಬಿನ ಚಾಕುವಿಗೆ ಅಂಥ ಆಧಾರವಿಲ್ಲ. ಅದರಲ್ಲೂ ರೈಲಿನಲ್ಲಿ, ಹಲಗೆಯೂ ಇಲ್ಲದೆ, ಕೈಯಲ್ಲೇ ಹಣ್ಣು ಹಿಡಿದು ಹೆಚ್ಚುವಾಗ ಬಲ ಎಷ್ಟು ಕಮ್ಮಿ ಬೇಕೋ ಅಷ್ಟು ಒಳ್ಳೇದು.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ನನ್ನ ಟೀಮಿನ ಗೆಳೆಯನ ಹತ್ರ ಒಂದು ದುಬಾರಿ ಮಡಚುವ ಚಾಕು ಇದೆ, ಬೆನ್ನು ಹತ್ತಿರ ಹತ್ತಿರ 4 ಮಿಲಿಮೀಟರ್ ದಪ್ಪ. ಟೊಮೆಟೊ ಮೇಲೆ ಇಟ್ಟು ಎಳೆದ್ರೆ ಬೆಣ್ಣೆಯಂತೆ ಇಳೀತು. ಕ್ಯಾರೆಟ್ ಕೊಟ್ರೆ ಪ್ರತಿ ಸಲವೂ ಟಕ್, ಟಕ್. ನಮ್ಮ ಅಡುಗೆಮನೆಯ ಸಾಧಾರಣ ತೆಳು ಚಾಕು ಅದೇ ಕ್ಯಾರೆಟನ್ನು ಸದ್ದಿಲ್ಲದೆ ಹೆಚ್ಚಿತು. ಟೊಮೆಟೊ ಸಿಪ್ಪೆ ಪರೀಕ್ಷಿಸೋದು ಅಂಚಿನ ಹರಿತವನ್ನ. ಕ್ಯಾರೆಟ್ ಪರೀಕ್ಷಿಸೋದು ಅಲಗಿನ ದಪ್ಪವನ್ನ. ಹರಿತ ಕಮ್ಮಿಯಾದ್ರೆ ಮನೆಯಲ್ಲೇ ಮಸೆದು ಸರಿ ಮಾಡ್ಕೋಬಹುದು. ದಪ್ಪವನ್ನು ಮನೆಯಲ್ಲಿ ಸರಿಮಾಡೋಕಾಗಲ್ಲ, ಕೊಳ್ಳುವಾಗಲೇ ನೋಡಬೇಕು.

ಹೇಗೆ ನೋಡೋದು? ಕ್ಯಾಲಿಪರ್ ಬೇಡ. ನಿಮ್ಮ ಪರ್ಸಿನಲ್ಲಿರೋ ಡೆಬಿಟ್ ಕಾರ್ಡ್ ದಪ್ಪ 0.76 ಮಿ.ಮೀ., ಅದು ಅಂತರರಾಷ್ಟ್ರೀಯ ಅಳತೆ. ಎರಡು ಕಾರ್ಡ್ ಜೋಡಿಸಿದ್ರೆ ಸುಮಾರು ಒಂದೂವರೆ ಮಿ.ಮೀ., ಐದು ಜೋಡಿಸಿದ್ರೆ ಹತ್ತಿರ ಹತ್ತಿರ ನಾಲ್ಕು. ಚಾಕುವಿನ ಬೆನ್ನು ಎರಡು ಕಾರ್ಡಿನ ಆಸುಪಾಸಿದ್ರೆ ಹಣ್ಣಿಗೆ ಚಂದ. ಮೂರು ಕಾರ್ಡಿನಷ್ಟಿದ್ರೆ ಪರವಾಗಿಲ್ಲ. ನಾಲ್ಕು ದಾಟಿದ್ರೆ ಬಿಡಿ. ಆನ್‌ಲೈನಲ್ಲಾದ್ರೆ ವಿವರಗಳಲ್ಲಿ ಅಲಗಿನ ದಪ್ಪ ಹುಡುಕಿ. ಜತೆಗೆ ಚಿತ್ರ ದೊಡ್ಡದು ಮಾಡಿ ನೋಡಿ: ಇಳಿಜಾರು ಬೆನ್ನಿನಿಂದಲೇ ಶುರುವಾಗಿ ಅಂಚಿನವರೆಗೂ ಬಂದಿರಬೇಕು. ಅಲಗಿನ ಮೇಲಿನರ್ಧ ಚಪ್ಪಟೆಯಾಗಿದ್ದು ಕೆಳಗಿನರ್ಧ ಮಾತ್ರ ಇಳಿಜಾರಿದ್ರೆ ಅಂಚಿನ ಹಿಂದೆ ದಪ್ಪ ಉಳಿದಿರೋ ಸಾಧ್ಯತೆ ಹೆಚ್ಚು.

ಈ ಲೆಕ್ಕದಲ್ಲಿ ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಎರಡು. ಒಂದು, ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನ ಸಣ್ಣ ಮಾದರಿಗಳು. ಎಲ್ಲರಿಗೂ ಗೊತ್ತಿರೋ ಕೆಂಪು ಚಾಕು. ಅಲಗು ತೆಳು, ತುಕ್ಕಿನ ಚಿಂತೆ ಇಲ್ಲ. ಆದ್ರೆ ಸಾಮಾನ್ಯ ಮಾದರಿಗಳಲ್ಲಿ ಅಲಗನ್ನು ತೆರೆದಲ್ಲೇ ನಿಲ್ಲಿಸೋ ಲಾಕ್ ಇಲ್ಲ, ಸ್ಪ್ರಿಂಗಿನ ಬಿಗಿ ಮಾತ್ರ. ಅಲಗು ತೆರೆಯೋಕೆ ಉಗುರಿನಿಂದ ಎಳೀಬೇಕು, ಅಪ್ಪನ ಬೆರಳಿಗೆ ಅದು ಕಷ್ಟ.

ಇನ್ನೊಂದು ಫ್ರಾನ್ಸಿನ ಒಪಿನೆಲ್. ಆಲ್ಪ್ಸ್ ಬೆಟ್ಟಗಳ ಸವಾಯ್ ಪ್ರಾಂತ್ಯದಲ್ಲಿ ಕೊಡಲಿ, ಕುಡುಗೋಲು ಮಾಡೋ ಮನೆತನದ ಜೋಸೆಫ್ ಒಪಿನೆಲ್ ಅನ್ನೋ ಯುವಕ 1890ರಲ್ಲಿ ಮಾಡಿದ ರೈತರ ಚಾಕು ಇದು. 1897ರಲ್ಲಿ 1ರಿಂದ 12ರವರೆಗೆ ನಂಬರ್ ಕೊಟ್ಟು ಬೇರೆ ಬೇರೆ ಗಾತ್ರದಲ್ಲಿ ಮಾಡಿದ್ರು. ಇವತ್ತಿಗೂ ಅದೇ ನಂಬರುಗಳಲ್ಲಿ ಸಿಗುತ್ತೆ, 1 ಮತ್ತು 11 ಮಾತ್ರ ಆಮೇಲೆ ನಿಂತವು. ನಂಬರ್ 8ರ ಅಲಗು ಎಂಟೂವರೆ ಸೆಂಟಿಮೀಟರ್ ಉದ್ದ, ಬೆನ್ನು ಹೆಚ್ಚುಕಮ್ಮಿ 1.7 ಮಿ.ಮೀ. ಬೆನ್ನಿನಿಂದ ಅಂಚಿನ ತನಕ ಸಣ್ಣ ಉಬ್ಬಿನೊಂದಿಗೆ ತೆಳುವಾಗ್ತಾ ಬರುತ್ತೆ. ಹಿಡಿ ಬೀಚ್ ಮರದ್ದು, ದುಂಡಗೆ, ದಪ್ಪಗೆ ಇರುತ್ತೆ. ದಪ್ಪ ಹಿಡಿ ಬೇಕು, ತೆಳು ಅಲಗು ಬೇಕು. ಸಂಧಿವಾತದ ಕೈಗೆ ಇದಕ್ಕಿಂತ ಅನುಕೂಲ ಇನ್ನೇನಿದೆ? ಕುತ್ತಿಗೆಯಲ್ಲೊಂದು ಲೋಹದ ಉಂಗುರ ಇರುತ್ತೆ, 1955ರಿಂದ ಬಂದದ್ದು. ಅದನ್ನು ತಿರುಗಿಸಿದ್ರೆ ಅಲಗು ತೆರೆದಲ್ಲೇ ನಿಲ್ಲುತ್ತೆ. ಈಗಿನವುಗಳಲ್ಲಿ ಮುಚ್ಚಿದಾಗಲೂ ಲಾಕ್ ಆಗುತ್ತೆ, ಚೀಲದಲ್ಲಿ ತಾನಾಗಿ ತೆರೆದುಕೊಳ್ಳಲ್ಲ. ಇದರಲ್ಲೂ ಅಲಗು ಎಳೆಯೋಕೆ ಉಗುರಿನ ಗೀರೇ ಇರೋದು ನಿಜ. ಆದ್ರೆ ಸ್ಪ್ರಿಂಗ್ ಇಲ್ಲದ್ದರಿಂದ ಬಿಗಿ ಕಮ್ಮಿ, ಎರಡು ಬೆರಳಲ್ಲಿ ಅಲಗಿನ ಬೆನ್ನು ಹಿಡಿದೂ ಎಳೀಬಹುದು. ಅಪ್ಪನಿಗೆ ಇದನ್ನೇ ತರಿಸಿದೆ.

ಉಕ್ಕಿನ ಮಾತು ಇಲ್ಲಿ ಬರುತ್ತೆ, ಅದೂ ಒಂದೇ ಒಂದು ಆಯ್ಕೆಯಾಗಿ. ಒಪಿನೆಲ್ ಕಾರ್ಬನ್ ಉಕ್ಕಿನಲ್ಲೂ ಸಿಗುತ್ತೆ, ಸ್ಟೇನ್‌ಲೆಸ್‌ನಲ್ಲೂ ಸಿಗುತ್ತೆ. ಕಾರ್ಬನ್ ಬೇಗ ಹರಿತವಾಗುತ್ತೆ. ಆದ್ರೆ ನಿಂಬೆ, ಮಾವಿನಕಾಯಿ ತಾಗಿದ್ರೆ ಕಪ್ಪಾಗುತ್ತೆ, ಒರೆಸದೆ ಬಿಟ್ರೆ ತುಕ್ಕು ಹಿಡಿಯುತ್ತೆ. ಮಂಗಳೂರು, ಉಡುಪಿ ಕಡೆಯವರು ಅದರ ತಂಟೆಗೇ ಹೋಗಬೇಡಿ. ಹಣ್ಣು ಹೆಚ್ಚಿ ಪೇಪರಲ್ಲಿ ಒರೆಸಿ ಚೀಲಕ್ಕೆ ಹಾಕೋ ನಮ್ಮಂಥವರಿಗೆ ಸ್ಟೇನ್‌ಲೆಸ್ಸೇ ಸರಿ. ಅಲಗಿನ ಮೇಲೆ 'ಐನಾಕ್ಸ್' ಅಂತ ಬರೆದಿರುತ್ತೆ, ಫ್ರೆಂಚರ ಸ್ಟೇನ್‌ಲೆಸ್ ಅದು.

ದೋಷ ಇಲ್ವಾ? ಇದೆ. ಮರದ ಹಿಡಿ ನೀರು ಕುಡಿದ್ರೆ ಉಬ್ಬುತ್ತೆ, ಆಗ ಅಲಗು ತೆರೆಯೋಕೆ ಸಾಹಸ ಮಾಡಬೇಕು. ಸಿಂಕಲ್ಲಿ ನೆನೆಸಬೇಡಿ. ಅಲಗು ಮಾತ್ರ ತೊಳೆದು, ತೆರೆದಿಟ್ಟು ಒಣಗಿಸಿ. ಮತ್ತೆ, ತೆಳು ಅಲಗು ಮೀಟೋಕಲ್ಲ. ಡಬ್ಬದ ಮುಚ್ಚಳ ಎಬ್ಬಿಸೋದು, ಕರಟದಿಂದ ಕಾಯಿ ಕೀಳೋದು ಮಾಡಿದ್ರೆ ತುದಿ ಮುರಿಯುತ್ತೆ. ಆ ಕೆಲಸಕ್ಕೆ ಚಮಚವೋ ಸ್ಕ್ರೂಡ್ರೈವರೋ ಬಳಸಿ.

ಹರಿತ ಹೋದಾಗ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆಯಂಥ ಅಂಚು ಇರುತ್ತಲ್ಲ, ಅದರ ಮೇಲೆ ಅಲಗನ್ನು ಸ್ವಲ್ಪವೇ ಓರೆ ಹಿಡಿದು, ಎರಡೂ ಮಗ್ಗುಲಿಗೆ ಹತ್ತತ್ತು ಸಲ ಹಗುರಾಗಿ ಎಳೆಯಿರಿ. ಪೂರ್ತಿ ಮೊಂಡಾಗುವ ಮುಂಚೆ ಆಗಾಗ ಮಾಡ್ತಾ ಇದ್ರೆ ಬಹಳ ಕಾಲ ಸಾಣೆಕಲ್ಲು ಬೇಕಾಗಲ್ಲ.

ಕಾನೂನು ಕೇಳಿದವರಿಗೆ: 2016ರ ಆಯುಧ ನಿಯಮಗಳು ಆಯುಧ ಅಂತ ಪಟ್ಟಿ ಮಾಡೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನ. ಮನೆಬಳಕೆಗೆ, ಕೃಷಿಗೆ ಅಂತಲೇ ಮಾಡಿದವಕ್ಕೆ ಅದರಲ್ಲೂ ವಿನಾಯಿತಿ ಇದೆ. ಮೂರೂವರೆ ಇಂಚಿನ ಹಣ್ಣಿನ ಚಾಕು ಆ ಅಳತೆಯ ಹತ್ತಿರಕ್ಕೂ ಬರಲ್ಲ. ಹಾಗಂತ ಎಲ್ಲ ಕಡೆ ಒಯ್ಯಬಹುದು ಅಂತಲ್ಲ. ವಿಮಾನದಲ್ಲಿ ಕೈಚೀಲದಲ್ಲಿ ಬಿಡಲ್ಲ, ಚೆಕ್-ಇನ್ ಲಗೇಜಿಗೆ ಹಾಕಿ. ಮೆಟ್ರೋ, ಮಾಲ್, ಕೆಲವು ಆಫೀಸುಗಳ ತಪಾಸಣೆಯಲ್ಲೂ ತಡೆಯಬಹುದು. ಅಂಥ ದಿನ ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕ್ಕೊಳ್ಳಿ. ಬಟನ್ ಒತ್ತಿದ್ರೆ ಚಿಮ್ಮೋ ಚಾಕು ಮಾತ್ರ ಬೇಡವೇ ಬೇಡ. ಹಣ್ಣಿಗೆ ಅದರ ಅಗತ್ಯವಿಲ್ಲ, ಸುಮ್ಮನೆ ಅನುಮಾನಕ್ಕೆ ದಾರಿ.

ನನ್ನ ಬ್ರ್ಯಾಂಡೇ ತಗೋಬೇಕು ಅಂತೇನಿಲ್ಲ. ಇದೇ ಗುಣ ಇರೋದು ಊರ ಸಂತೆಯಲ್ಲಿ ಇನ್ನೂರು ರೂಪಾಯಿಗೆ ಸಿಕ್ರೆ ಖುಷಿಯಾಗಿ ತಗೊಳ್ಳಿ. ಬೆನ್ನು ಎರಡು ಕಾರ್ಡ್ ದಪ್ಪ, ಹಿಡಿ ಮುಷ್ಟಿ ತುಂಬುವಷ್ಟು, ತೆರೆದ ಅಲಗು ಅಲ್ಲಾಡಬಾರದು. ಅಂಗಡಿಗೆ ಹೋಗೋವಾಗ ಜೇಬಲ್ಲೊಂದು ಕ್ಯಾರೆಟ್ ಇಟ್ಕೊಂಡು ಹೋಗಿ. ಅಂಗಡಿಯವರು ವಿಚಿತ್ರವಾಗಿ ನೋಡಿದ್ರೆ ನೋಡಲಿ ಬಿಡಿ. ಟಕ್ ಅಂದ್ರೆ ವಾಪಸ್ ಕೊಟ್ಟು ಮುಂದಿನದ್ದು ತೋರಿಸಿ ಅನ್ನಿ.