ಹೊಂಬಣ್ಣಕ್ಕೆ ನೀರೇ ಅಡ್ಡಿ

ಸಾಲ್ಮನ್ ಮೀನಾಗಲಿ, ಸ್ಟೇಕ್ ಎಂಬ ದಪ್ಪ ಮಾಂಸದ ತುಂಡಾಗಲಿ, ಕಾವಲಿಗೆ ಹಾಕುವ ಮೊದಲು ಒತ್ತಿ ಒರೆಸಬೇಕು. ಏಕೆ ಗೊತ್ತೆ? ಮೇಲ್ಮೈ ಒದ್ದೆಯಾಗಿರುವವರೆಗೆ ಅಲ್ಲಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹೊಂಬಣ್ಣ, ಪರಿಮಳ ಬರಲು ಸುಮಾರು 140 ಡಿಗ್ರಿ ಬೇಕು. ಆಗ ಅಮೈನೋ ಆಮ್ಲಗಳು ಸಕ್ಕರೆಯೊಡನೆ ವರ್ತಿಸುತ್ತವೆ. 1912ರಲ್ಲಿ ಇದನ್ನು ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್. ನಮ್ಮ ದೋಸೆ ಕೆಂಪಗಾಗುವುದೂ ಹೀಗೆಯೇ! ಒದ್ದೆ ತುಂಡು ಕೆಂಪಾಗುವಷ್ಟರಲ್ಲಿ ಒಳಗೆ ಒಣಗಿ ನಾರಾಗಿರುತ್ತದೆ. ಹೊರಗೆ ಕೆಂಪಗೆ ಹುರಿದರೆ ರಸ ಒಳಗೇ ಉಳಿಯುತ್ತದೆ ಎಂಬ ಮಾತು ಮಾತ್ರ ಸುಳ್ಳು. ಚುಂಯ್ ಎನ್ನುವ ಸದ್ದೇ ನೀರು ಆವಿಯಾಗಿ ಹೋಗುತ್ತಿರುವುದಕ್ಕೆ ಸಾಕ್ಷಿ.

ಸಸ್ಯಾಹಾರಿ ಮನೆಯ ವಿದ್ಯಾರ್ಥಿಗಳು ಆಲೂಗಡ್ಡೆಯ ಎರಡು ಬಿಲ್ಲೆಗಳಲ್ಲಿ ಪರೀಕ್ಷಿಸಬಹುದು: ಒಂದು ಒರೆಸಿದ್ದು, ಒಂದು ಒದ್ದೆ. ದೊಡ್ಡವರು ಪಕ್ಕದಲ್ಲಿರಲಿ, ಒದ್ದೆ ಬಿಲ್ಲೆಗೆ ಎಣ್ಣೆ ಸಿಡಿಯುತ್ತದೆ.