ಗದರಿಕೆಯ ಪೋಸ್ಟರ್ ಯಾರಿಗೆ?

ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ತಮಿಳು ಓದಬಲ್ಲವರಿಗೇನೂ ಬರವಿಲ್ಲ. ಅವರಿಗೂ ಅರ್ಥವಾಗುವಂಥ ತಮಿಳಿನಲ್ಲಿ 2014ರಲ್ಲಿ ಆಸ್ಟ್ರೇಲಿಯ ಸರ್ಕಾರ ಒಂದು ಪೋಸ್ಟರ್ ಮಾಡಿಸಿತ್ತು. ಅಲೆಯೆದ್ದ ಕಪ್ಪು ಕಡಲು, ಅದರಲ್ಲೊಂದು ಪುಟ್ಟ ದೋಣಿ. ಆಸ್ಟ್ರೇಲಿಯ ನಿಮ್ಮ ಮನೆಯಾಗುವ ಮಾತೇ ಇಲ್ಲ ಎಂಬ ಗದರಿಕೆ. ಅದರ ಗುರಿ ನಮ್ಮವರಲ್ಲ, ಆಶ್ರಯ ಕೇಳಿಕೊಂಡು ದೋಣಿ ಹತ್ತುವ ಶ್ರೀಲಂಕಾ ತಮಿಳರು.

ಭಾರತಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಇದೇ ಆಸ್ಟ್ರೇಲಿಯಕ್ಕೆ ಕೆಜಿಎಫ್‌ನ ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಹೋದವು. ಕಾಗದಪತ್ರ ಮಾಡಿಸಿಕೊಂಡು ಹೋಗಲು ಅವರಿಗೊಂದು ದಾರಿಯಿತ್ತು. ದೋಣಿ ಹತ್ತುವವರಿಗೆ ಇಲ್ಲದ್ದು ಅದೇ.

ಪೋಸ್ಟರ್‌ನಿಂದ ದೋಣಿಗಳು ನಿಂತವಲ್ಲವೇ ಎಂದು ವಾದಿಸುವವರಿದ್ದಾರೆ. ನಿಂತದ್ದು ನಿಜ. ಆದರೆ ನೌಕಾಪಡೆ ದೋಣಿಗಳನ್ನು ಹಿಂದಕ್ಕೆ ಅಟ್ಟುತ್ತಿತ್ತು. ಸಿಕ್ಕವರನ್ನು ನೌರು, ಮಾನಸ್ ದ್ವೀಪಗಳಲ್ಲಿ ಕೂಡಿಹಾಕಲಾಗುತ್ತಿತ್ತು. ಬರೀ ಮಾತಿಗೆ ಎಷ್ಟು ಬಲವಿದೆಯೆಂದು ಬ್ರಿಟನ್ 2013ರಲ್ಲಿ ನೋಡಿತು. ಅಕ್ರಮವಾಗಿ ಉಳಿದವರು ಊರಿಗೆ ಹೋಗಿ, ಇಲ್ಲವಾದರೆ ಅರೆಸ್ಟ್ ಎಂದು ಬರೆಸಿದ ವ್ಯಾನ್‌ಗಳು ಲಂಡನ್ ಸುತ್ತಿದವು. ವ್ಯಾನ್ ನೋಡಿ ದೇಶ ಬಿಟ್ಟವರು 11 ಮಂದಿ ಎಂದು ಕೊನೆಗೆ ಸರ್ಕಾರವೇ ಲೆಕ್ಕ ಕೊಟ್ಟಿತು. ಹಾಗಾದರೆ ವ್ಯಾನ್ ಓಡಿದ್ದು ಯಾರಿಗಾಗಿ? ರಸ್ತೆ ಬದಿಯಲ್ಲಿ ನಿಂತು ನೋಡಿದ ಮತದಾರನಿಗಾಗಿ.

ಊರು ಬಿಟ್ಟು ಹೊರಡುವವರೆಲ್ಲ ಒಂದೇ ಬಗೆಯವರಲ್ಲ. 2001ರ ಫೆಬ್ರವರಿ 28ಕ್ಕೆ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವುದು ಕೆಜಿಎಫ್‌ನವರ ಪಾಡು. ಹೊಟ್ಟೆಪಾಡಿಗೆ ಹೊರಡುವವರು ಖರ್ಚುವೆಚ್ಚ ತೂಗಿ ನೋಡುತ್ತಾರೆ, ಬೇಡವೆನಿಸಿದರೆ ಉಳಿಯುತ್ತಾರೆ. ಜೀವಭಯದಿಂದ ಹೊರಟವರಿಗೆ ಆ ಪುರುಸೊತ್ತು ಇರುವುದಿಲ್ಲ. ಮನೆಯಲ್ಲಿರುವ ಭಯದ ಮುಂದೆ ಪೋಸ್ಟರ್ ಹುಟ್ಟಿಸುವ ಭಯ ಏನೇನೂ ಅಲ್ಲ.

ಆ ಹೊತ್ತಿಗೆ ಕೈಹಿಡಿಯಲು ಬರುವವನು ಏಜೆಂಟ್. 2021ರ ಜೂನ್‌ನಲ್ಲಿ ಮಂಗಳೂರು ಪೊಲೀಸರು 38 ಶ್ರೀಲಂಕಾ ಪ್ರಜೆಗಳನ್ನು ಹಿಡಿದರು. ಕೆನಡಾಕ್ಕೆ ಕಳಿಸುತ್ತೇವೆಂದು ಅವರಿಂದ ಲಕ್ಷಗಟ್ಟಲೆ ಕಿತ್ತುಕೊಂಡು, ಕಡಲು ದಾಟಿಸಿ ತಮಿಳುನಾಡಿಗೆ ತಂದು, ಅಲ್ಲಿಂದ ಮಂಗಳೂರಿಗೆ ಕರೆತಂದು ಕೂರಿಸಲಾಗಿತ್ತು. ಪ್ರಕರಣ ಎನ್‌ಐಎ ಕೈಗೆ ಹೋಯಿತು. ಕೆನಡಾ ಸಿಗಲಿಲ್ಲ, ಜೈಲು ಸಿಕ್ಕಿತು.

ನಾವೂ ಬೀಗುವಂತಿಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ಇಲ್ಲ. ಅರವತ್ತರ ದಶಕದಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಜಮೀನು ಕೊಟ್ಟ ರಾಜ್ಯ ನಮ್ಮದೇ. ಆದರೆ ಯಾರಿಗೆ ಜಮೀನು, ಯಾರಿಗೆ ಕೇಸು ಎಂಬುದು ಅಂದಂದಿನ ಸರ್ಕಾರದ ಮರ್ಜಿ.

ಬರಬೇಡಿ ಎನ್ನುವ ಹಕ್ಕು ಯಾವ ದೇಶಕ್ಕೂ ಇದೆ. ಅದರ ಜತೆಗೆ ಅರ್ಜಿ ಎಲ್ಲಿ ಹಾಕಬೇಕು, ಯಾರು ಕೇಳುತ್ತಾರೆ, ಎಷ್ಟು ದಿನದಲ್ಲಿ ಉತ್ತರ ಬರುತ್ತದೆ ಎಂಬುದನ್ನೂ ಅದೇ ಭಾಷೆಯಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಲಿ. ಏಜೆಂಟನ ವ್ಯಾಪಾರ ಕೆಡುವುದು ಆಗಲೇ.