‘ಗುಪ್ತರೋಗಕ್ಕೆ ಈ ಒಂದು ಗುಳಿಗೆ ಸಾಕು’ ಎನ್ನುವ ಫಾರ್ವರ್ಡ್ ನಿಜವೇ?

ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು: ಉರಿಮೂತ್ರ, ಕೀವು, ಬಿಳಿ ಹೋಗುವುದು, ಗುಪ್ತಾಂಗದಲ್ಲಿ ಹುಣ್ಣು, ಏನೇ ಇರಲಿ, ಮೆಡಿಕಲ್ ಶಾಪ್‌ನಲ್ಲಿ ಈ ಗುಳಿಗೆ ಕೇಳಿ ನುಂಗಿ, ಡಾಕ್ಟರ್ ಬೇಕಿಲ್ಲ. ಕೆಳಗೆ ಯಾವುದೋ ಆಂಟಿಬಯೋಟಿಕ್‌ನ ಹೆಸರು.

ಇದನ್ನು ಜನ ಯಾಕೆ ನಂಬುತ್ತಾರೆ ಎಂಬುದು ನಮಗೆ ಗೊತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ಆಸ್ಪತ್ರೆಯ ಪಾಳಿಯಲ್ಲಿ ನಿಂತರೆ ಗುರುತಿನವರು ಸಿಕ್ಕೇ ಸಿಗುತ್ತಾರೆ. ‘ಏನಾಗೇತಿ?’ ಎಂದು ಕೇಳಿದರೆ ಏನು ಹೇಳುವುದು? ಅದಕ್ಕಿಂತ ಗುಳಿಗೆ ತಂದು ನುಂಗುವುದೇ ವಾಸಿ ಅನ್ನಿಸುತ್ತದೆ. ಆದರೆ ಈ ಸಂದೇಶ ತಪ್ಪು. ಇಂಥ ಕಾಯಿಲೆ ತರುವ ಬ್ಯಾಕ್ಟೀರಿಯಾ ಒಂದೇ ಅಲ್ಲ, ಒಂದೇ ಹೆಸರಿನ ಬ್ಯಾಕ್ಟೀರಿಯಾದಲ್ಲೂ ಎಲ್ಲವೂ ಒಂದೇ ಥರ ಇರುವುದಿಲ್ಲ.

ಒಂದೇ ಹೆಸರು, ಹಲವು ತಳಿ

ಬ್ಯಾಡಗಿ ಮೆಣಸಿನಕಾಯಿ ಎಂದರೆ ಹೊರಗಿನವರಿಗೆ ಒಂದೇ. ಮಾರುಕಟ್ಟೆಯಲ್ಲಿ ಓಡಾಡಿದವರಿಗೆ ಮಾತ್ರ ಕಡ್ಡಿ ಯಾವುದು, ಡಬ್ಬಿ ಯಾವುದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಬ್ಯಾಕ್ಟೀರಿಯಾಗಳಲ್ಲೂ ಹೀಗೆಯೇ ತಳಿಗಳಿವೆ. ಅವುಗಳ ವ್ಯತ್ಯಾಸ ಇರುವುದು ಡಿಎನ್‌ಎಯಲ್ಲಿ. ಅದು ಕಣ್ಣಿಗೆ ಕಾಣುವುದಿಲ್ಲ, ರೋಗ ಲಕ್ಷಣದಲ್ಲೂ ತಿಳಿಯುವುದಿಲ್ಲ. ಇಬ್ಬರಿಗೂ ಒಂದೇ ಥರ ಉರಿ ಇದ್ದರೂ ಒಬ್ಬರಿಗೆ ತಾಗಿದ ಔಷಧಿ ಇನ್ನೊಬ್ಬರಿಗೆ ತಾಗದೇ ಇರಬಹುದು.

ಗೊನೋರಿಯಾ: ಬೇರೆಯವರ ಡಿಎನ್‌ಎ ಎತ್ತಿಕೊಳ್ಳುವ ಬ್ಯಾಕ್ಟೀರಿಯಾ

ರಾಣೆಬೆನ್ನೂರಿನ ಕಡೆ ಬೀಜೋತ್ಪಾದನೆ ಮಾಡುವ ರೈತರಿಗೆ ಕ್ರಾಸಿಂಗ್ ಹೊಸದಲ್ಲ. ಒಂದು ಗಿಡದ ಗುಣ ಇನ್ನೊಂದಕ್ಕೆ ಬರಬೇಕೆಂದರೆ ಹೂವಿನಿಂದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಬೇಕು. ಗೊನೋರಿಯಾದ ಬ್ಯಾಕ್ಟೀರಿಯಾಕ್ಕೆ ಇಷ್ಟು ಶ್ರಮವೂ ಬೇಡ. ಸತ್ತ ಬ್ಯಾಕ್ಟೀರಿಯಾಗಳಿಂದ ಹೊರಬಿದ್ದ ಡಿಎನ್‌ಎ ತುಂಡನ್ನು ಅದು ಎತ್ತಿಕೊಂಡು ತನ್ನದರಲ್ಲೇ ಸೇರಿಸಿಕೊಳ್ಳುತ್ತದೆ. ನಮ್ಮ ಗಂಟಲಲ್ಲಿ ಅದರ ನಿರುಪದ್ರವಿ ದಾಯಾದಿಗಳು ಸದಾ ಇರುತ್ತವೆ. ಬೇರೆ ಬೇರೆ ಕಾಯಿಲೆಗೆ ನಾವು ನುಂಗಿದ ಆಂಟಿಬಯೋಟಿಕ್‌ಗಳನ್ನು ಎದುರಿಸಿ ಅವು ಗಟ್ಟಿಯಾಗಿರುತ್ತವೆ. ಗೊನೋರಿಯಾ ಆ ಗುಣವನ್ನು ಅವುಗಳಿಂದ ಪಡೆಯಬಲ್ಲದು.

ಇದರ ಫಲ ಇತಿಹಾಸದಲ್ಲೇ ಇದೆ. 1930ರ ದಶಕದಲ್ಲಿ ಸಲ್ಫಾ ಔಷಧಿ ಬಂತು, ಕೆಲವೇ ವರ್ಷಗಳಲ್ಲಿ ಸೋತಿತು. 1940ರ ದಶಕದಲ್ಲಿ ಪೆನ್ಸಿಲಿನ್ ಬಂತು. 1976ರಲ್ಲಿ ಪೆನ್ಸಿಲಿನ್ನನ್ನೇ ಒಡೆದುಹಾಕುವ ತಳಿಗಳು ಪತ್ತೆಯಾದವು. ಆಮೇಲೆ ಬಂದ ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗದ ತಳಿಗಳು ಇಂದು ಭಾರತದಲ್ಲೂ ಸಾಮಾನ್ಯ. ಕೊನೆಯ ಆಸರೆ ಎನ್ನಲಾಗುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್‌ಗೂ ಜಗ್ಗದ ತಳಿ ಜಪಾನಿನಲ್ಲಿ ಸಿಕ್ಕಿದ್ದನ್ನು 2011ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 8.2 ಕೋಟಿ ಹೊಸ ಗೊನೋರಿಯಾ ಸೋಂಕುಗಳಾಗಿವೆ.

ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಎನ್ನುವುದೂ ಸುಳ್ಳು. ಈ ಬ್ಯಾಕ್ಟೀರಿಯಾ ತನ್ನ ಹೊರಮೈಯನ್ನು ಬದಲಿಸುತ್ತಲೇ ಇರುತ್ತದೆ. ಹಾಗಾಗಿ ದೇಹ ಅದನ್ನು ನೆನಪಿಟ್ಟುಕೊಂಡು ತಡೆಯಲಾರದು.

ಸಿಫಿಲಿಸ್: ಒಂದಕ್ಷರದ ಬದಲಾವಣೆ

ಹಳಬರು ಪರಂಗಿ ರೋಗ ಎನ್ನುತ್ತಿದ್ದ ಸಿಫಿಲಿಸ್‌ನ ಕಥೆ ಬೇರೆ. ಇದರ ತಳಿಗಳ ನಡುವೆ ವ್ಯತ್ಯಾಸ ಬಹಳ ಕಡಿಮೆ. 1943ರಲ್ಲಿ ಮೊದಲು ಬಳಸಿದ ಪೆನ್ಸಿಲಿನ್ ಇಂದಿಗೂ ಇದಕ್ಕೆ ರಾಮಬಾಣ. ಆದರೆ ಫಾರ್ವರ್ಡ್‌ಗಳಲ್ಲಿ ಹೆಚ್ಚಾಗಿ ಕಾಣುವ ಅಜಿತ್ರೋಮೈಸಿನ್ ಗುಳಿಗೆಯ ವಿಷಯ ಹಾಗಲ್ಲ. ಸುಮಾರು 11 ಲಕ್ಷ ಅಕ್ಷರಗಳ ಡಿಎನ್‌ಎಯಲ್ಲಿ ಒಂದು ನಿರ್ದಿಷ್ಟ ಜಾಗದ ಅಕ್ಷರ ಬದಲಾದರೆ ಸಾಕು, ಆ ಗುಳಿಗೆ ಕೆಲಸ ಮಾಡುವುದಿಲ್ಲ. ಅಂಥ ತಳಿಗಳು ಹಲವು ದೇಶಗಳಲ್ಲಿ ಹರಡಿವೆ.

ಇಲ್ಲಿ ಇನ್ನೊಂದು ಮೋಸವಿದೆ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಏನೂ ಮಾಡದಿದ್ದರೂ ಮೂರರಿಂದ ಆರು ವಾರಗಳಲ್ಲಿ ಮಾಯುತ್ತದೆ. ಗುಳಿಗೆ ನುಂಗಿದವರು ಅದರಿಂದಲೇ ವಾಸಿಯಾಯಿತು ಎಂದುಕೊಂಡು ಸಂದೇಶವನ್ನು ಇನ್ನೂ ಹತ್ತು ಜನರಿಗೆ ಕಳಿಸುತ್ತಾರೆ. ರೋಗ ಮಾತ್ರ ಒಳಗೇ ಉಳಿದು, ವರ್ಷಗಳ ನಂತರ ಹೃದಯ, ಮೆದುಳಿಗೆ ಕೈ ಹಾಕಬಹುದು. ಗರ್ಭಿಣಿಗಿದ್ದರೆ ಹೊಟ್ಟೆಯಲ್ಲೇ ಮಗು ಸಾಯಬಹುದು. ಗರ್ಭಿಣಿಯರಿಗೆ ಸಿಫಿಲಿಸ್ ರಕ್ತ ಪರೀಕ್ಷೆ ಮಾಡುವುದು ಇದಕ್ಕೇ. ಅದನ್ನು ಯಾರೂ ತಪ್ಪಿಸಬಾರದು.

ಕ್ಲಮೀಡಿಯಾ: ಪರೀಕ್ಷೆಗೇ ಸಿಗದ ತಳಿ

ಕ್ಲಮೀಡಿಯಾದ ಕೆಲವು ಬಗೆಗಳು ಕಣ್ಣಿಗೆ ಟ್ರಕೋಮಾ ತರುತ್ತವೆ, ಕೆಲವು ಜನನಾಂಗದಲ್ಲಿ ಸೋಂಕು ತರುತ್ತವೆ. 2006ರಲ್ಲಿ ಸ್ವೀಡನ್ನಿನಲ್ಲಿ ಒಂದು ವಿಚಿತ್ರ ತಳಿ ಪತ್ತೆಯಾಯಿತು. ಪರೀಕ್ಷಾ ಕಿಟ್‌ಗಳು ಹುಡುಕುತ್ತಿದ್ದ ಡಿಎನ್‌ಎ ತುಂಡೇ ಅದರಲ್ಲಿ ಇರಲಿಲ್ಲ. ಹಾಗಾಗಿ ಸೋಂಕಿದ್ದವರಿಗೂ ‘ಇಲ್ಲ’ ಎಂಬ ವರದಿ ಬರುತ್ತಿತ್ತು. ಆಮೇಲೆ ಪರೀಕ್ಷೆಗಳನ್ನು ಬದಲಿಸಬೇಕಾಯಿತು. ತಳಿಗಳ ಡಿಎನ್‌ಎ ಮೇಲೆ ವಿಜ್ಞಾನಿಗಳು ಕಣ್ಣಿಡುವುದು ಯಾಕೆ ಎಂಬುದಕ್ಕೆ ಇದೇ ಉತ್ತರ.

‘ಸರಕಾರಿ ಆಸ್ಪತ್ರೆಯಲ್ಲೂ ಗುಳಿಗೆಯನ್ನೇ ಕೊಡ್ತಾರಲ್ಲ?’

ಒಳ್ಳೆಯ ಪ್ರಶ್ನೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬಣ್ಣದ ಕಿಟ್‌ಗಳನ್ನು ಕೊಡುವ ಪದ್ಧತಿ ಬಂದಿದೆ. ಸ್ರಾವಕ್ಕೆ ಕೊಡುವ ಬೂದು ಕಿಟ್‌ನಲ್ಲಿ ಅಜಿತ್ರೋಮೈಸಿನ್, ಸೆಫಿಕ್ಸಿಮ್ ಎರಡೂ ಇರುತ್ತವೆ. ಹುಣ್ಣಿಗೆ ಬೇರೆ ಕಿಟ್, ಅದರಲ್ಲಿ ಪೆನ್ಸಿಲಿನ್ ಇಂಜೆಕ್ಷನ್. ಅಂದರೆ ನೋಡಿ, ಕೇಳಿ, ಲಕ್ಷಣಕ್ಕೆ ತಕ್ಕಂತೆ ಕೊಡುತ್ತಾರೆ. ಜೊತೆಗೆ ಸಿಫಿಲಿಸ್, ಎಚ್‌ಐವಿ ರಕ್ತ ಪರೀಕ್ಷೆ ಇರುತ್ತದೆ. ಸಂಗಾತಿಗೂ ಚಿಕಿತ್ಸೆ ಇರುತ್ತದೆ. ವಾಸಿಯಾಗದಿದ್ದರೆ ಮತ್ತೆ ಬನ್ನಿ ಎನ್ನುತ್ತಾರೆ. ಫಾರ್ವರ್ಡ್‌ನಲ್ಲಿ ಇದ್ಯಾವುದೂ ಇಲ್ಲ.

ಈ ದಾರಿಯಿಂದ ಫಲ ಸಿಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಪುರಾವೆ ಇದೆ. ಬೆಳಗಾವಿ, ಬಳ್ಳಾರಿ, ಶಿವಮೊಗ್ಗ, ಮೈಸೂರು, ಬೆಂಗಳೂರು ನಗರ ಜಿಲ್ಲೆಗಳ ಲೈಂಗಿಕ ವೃತ್ತಿಯ ಮಹಿಳೆಯರ ನಡುವೆ ಕಾಂಡೋಮ್, ತಪಾಸಣೆ, ಚಿಕಿತ್ಸೆಯ ಕೆಲಸ ನಡೆದ ಮೇಲೆ ಸಕ್ರಿಯ ಸಿಫಿಲಿಸ್ ಶೇ 5.9ರಿಂದ ಶೇ 3.4ಕ್ಕೆ ಇಳಿದದ್ದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ.

ಇನ್ನು, ಸೆಫಿಕ್ಸಿಮ್‌ನಂಥ ಔಷಧಿಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಅರ್ಧಂಬರ್ಧ ನುಂಗಿದಾಗ ಮೆತ್ತಗಿನ ತಳಿಗಳು ಸಾಯುತ್ತವೆ, ಗಟ್ಟಿ ತಳಿಗಳು ಉಳಿದು ಬೆಳೆಯುತ್ತವೆ.

‘ಯಾರಿಂದ ಬಂತು ಅಂತ ಡಿಎನ್‌ಎ ಹೇಳುತ್ತಾ?’

ಮನೆಗಳು ಒಡೆಯುವುದು ಇದೇ ಪ್ರಶ್ನೆಯಿಂದ. ಆಸ್ಪತ್ರೆಯ ಮಾಮೂಲಿ ಪರೀಕ್ಷೆ ಸೋಂಕು ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಯಾರಿಂದ ಯಾರಿಗೆ, ಯಾವಾಗ ಬಂತು ಎಂದು ಹೇಳುವುದಿಲ್ಲ. ಕ್ಲಮೀಡಿಯಾ, ಗೊನೋರಿಯಾ ಎರಡೂ ಹೆಂಗಸರಲ್ಲಿ ಅನೇಕ ಬಾರಿ ಯಾವ ಲಕ್ಷಣವನ್ನೂ ತೋರಿಸದೆ ಸುಮ್ಮನಿರುತ್ತವೆ. ಗಂಡನಿಗೆ ಮೊದಲು ಉರಿ ಕಾಣಿಸಿತು ಎಂದಾಕ್ಷಣ ಹೆಂಡತಿಯಿಂದ ಬಂತು ಎಂದಾಗಲಿ, ಹೆಂಡತಿಯ ವರದಿ ಮೊದಲು ಬಂತು ಎಂದಾಕ್ಷಣ ಅವಳದೇ ತಪ್ಪು ಎಂದಾಗಲಿ ಹೇಳಲಾಗದು. ಜೊತೆಗೆ, ಬಿಳಿ ಹೋಗುವುದೆಲ್ಲ ಲೈಂಗಿಕ ಸೋಂಕೂ ಅಲ್ಲ. ಜಗಳ ಮಾಡುತ್ತ ಚಿಕಿತ್ಸೆ ತಡಮಾಡಿದರೆ ಗರ್ಭನಾಳ ಕಟ್ಟಿ ಬಂಜೆತನ ಬರಬಹುದು. ಆ ಹೆಸರೂ ಕೊನೆಗೆ ಹೆಂಡತಿಯ ತಲೆಗೇ ಬರುತ್ತದೆ.

ಹಾಗಾದರೆ ಏನು ಮಾಡಬೇಕು?

- ಉರಿ, ಕೀವು, ಹುಣ್ಣು ಕಂಡರೆ ಜಿಲ್ಲಾ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಊರಿನಲ್ಲಿ ಸಂಕೋಚವಾದರೆ ಪಕ್ಕದ ಊರಿಗೆ ಹೋಗಿ, ಆದರೆ ಹೋಗಿ.
- ಹುಣ್ಣು ತಾನಾಗಿ ಮಾಯ್ದರೂ ರಕ್ತ ಪರೀಕ್ಷೆ ಮಾಡಿಸಿ.
- ಕೊಟ್ಟ ಔಷಧಿ ಪೂರ್ತಿ ತೆಗೆದುಕೊಳ್ಳಿ. ಉಳಿಸಿ ಗೆಳೆಯರಿಗೆ ಕೊಡಬೇಡಿ.
- ಸಂಗಾತಿಗೂ ಚಿಕಿತ್ಸೆ ಆಗಲಿ. ಇಲ್ಲದಿದ್ದರೆ ಸೋಂಕು ಮರಳಿ ಬರುತ್ತದೆ.
- ಕಾಂಡೋಮ್ ಬಳಸಿ. ತಳಿ ಯಾವುದಿದ್ದರೂ ಅದು ತಡೆ ಒಡ್ಡುತ್ತದೆ.
- ಬಾಯಿಬಿಟ್ಟು ಕೇಳಲು ನಾಚಿಕೆಯಾದರೆ 1097ಕ್ಕೆ ಕರೆ ಮಾಡಿ. ಇದು ಉಚಿತ ಸಹಾಯವಾಣಿ.

ನಮ್ಮ ತೀರ್ಮಾನ: ‘ಒಂದು ಗುಳಿಗೆ ಸಾಕು’ ಎಂಬ ಸಂದೇಶ ಸುಳ್ಳು ಮತ್ತು ಅಪಾಯಕಾರಿ. ಅದು ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು 1097 ಎಂಬ ನಂಬರ್ ಕಳಿಸಿ. ಆ ಗ್ರೂಪಿನಲ್ಲಿ ಯಾರಿಗೆ ಅದರ ಅಗತ್ಯವಿದೆ ಎಂದು ನಿಮಗೆ ಗೊತ್ತಾಗದು, ಅವರೂ ಹೇಳಲಾರರು.